ಹಳೇ ಜೀಪಿನ ಸ್ಟೇರಿಂಗ್ ಬಾಕ್ಸ್ ಸೋರಿಕೆ: ಸೀಲಿಗಿಂತ ಮೊದಲು ಬುಷ್ ನೋಡಿ

ಸ್ಟೇರಿಂಗ್ ಬಾಕ್ಸಿಂದ ಆಯಿಲ್ ಸೋರುತ್ತಿದೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಸೀಲ್ (ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಬಳೆ) ಬದಲಾಯಿಸಿ. ನಮ್ಮ ಸಿಜೆ-3ಬಿ ಜೀಪಿನಲ್ಲಿ ಸೀಲ್ ಹೊಸದಾಗೇ ಇತ್ತು. ಆದರೂ ಡ್ರಾಪ್ ಆರ್ಮ್ (ಬಾಕ್ಸಿನ ಶಾಫ್ಟಿಗೆ ಕೂತು ಚಕ್ರಗಳ ಕಡೆಗೆ ಚಲನೆ ಕೊಡುವ ತೋಳು) ಮೇಲೆ ಯಾವಾಗಲೂ ಎಣ್ಣೆ, ಅದಕ್ಕೆ ಮೆತ್ತಿಕೊಂಡ ಕೆಂಪು ಧೂಳು.

ಕಾರಣ ಕಂಡುಹಿಡಿಯಲು ಆ ಜಾಗ ಒರೆಸಿ, ಜೀಪ್ ನಿಂತಲ್ಲೇ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಲು ತಮ್ಮನಿಗೆ ಹೇಳಿದೆ. ನಾನು ಕೆಳಗೆ ಟಾರ್ಚ್ ಹಿಡಿದು ಮಲಗಿದ್ದೆ. ಆರ್ಮ್ ಕೂತಿರುವ ಶಾಫ್ಟ್ ತಿರುಗುವ ಮೊದಲು ಒಂದು ಪಕ್ಕಕ್ಕೆ ಸರಿಯುತ್ತಿತ್ತು. ಸರಿದಾಗ ಸೀಲಿನ ತುಟಿ ಇನ್ನೊಂದು ಪಕ್ಕದಲ್ಲಿ ಕೂದಲೆಳೆಯಷ್ಟು ಬಿಡುತ್ತಿತ್ತು. ಅಲ್ಲಿಂದ ಎಣ್ಣೆ ಜಿನುಗಿ, ಹನಿಗಟ್ಟಿ, ಆರ್ಮ್ ಮೇಲೆ ಇಳಿಯುತ್ತಿತ್ತು. ಅಷ್ಟು ಅಲುಗಾಡುವ ಶಾಫ್ಟಿಗೆ ಯಾವ ಸೀಲ್ ಹಾಕಿದರೂ ಉಳಿಯೋದಿಲ್ಲ, ಅಲ್ವಾ?

ಈ ಜೀಪುಗಳಲ್ಲಿ ಇರುವುದು ರಾಸ್ ಕಂಪನಿ ಮಾದರಿಯ ಸ್ಟೇರಿಂಗ್ ಬಾಕ್ಸ್. ಸ್ಟೇರಿಂಗ್ ಕೊಳವೆಯ ಕೆಳತುದಿಯಲ್ಲಿ ಗ್ರೂವ್ (ಸುರುಳಿ ಕಾಲುವೆ) ಇರುವ ಕ್ಯಾಮ್, ಆ ಗ್ರೂವಿನಲ್ಲಿ ಓಡಾಡುವ ಎರಡು ಪಿನ್ನಿನ ಲಿವರ್. ಲಿವರಿನ ಶಾಫ್ಟ್ ಕಂಚಿನ ಬುಷ್‌ಗಳಲ್ಲಿ (ಶಾಫ್ಟ್ ತಿರುಗಲು ಆಸರೆಯಾಗುವ ಕೊಳವೆಯಂಥ ತುಂಡುಗಳು) ಕೂತಿರುತ್ತದೆ. ಬುಷ್ ಸವೆದರೆ ಸೋರಿಕೆಯೂ ಶುರು, ಸ್ಟೇರಿಂಗ್ ಪ್ಲೇ (ಚಕ್ರ ತಿರುಗದೆ ಸ್ಟೇರಿಂಗ್ ಮಾತ್ರ ಆಡುವುದು) ಕೂಡ ಜಾಸ್ತಿ.

ಬಿಚ್ಚುವಾಗ ಡ್ರಾಪ್ ಆರ್ಮ್ ಮತ್ತು ಶಾಫ್ಟ್ ಎರಡಕ್ಕೂ ಸೇರಿಸಿ ಒಂದು ಗುರುತು ಹಾಕಿಕೊಳ್ಳಿ. ಆರ್ಮನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಆ ಪೆಟ್ಟು ನೇರವಾಗಿ ಪಿನ್ ಮತ್ತು ಕ್ಯಾಮಿಗೆ ಹೋಗುತ್ತದೆ. ಕ್ಯಾಮ್ ಮತ್ತು ಕೊಳವೆ ಒಂದೇ ತುಂಡು, ಹಾಗಾಗಿ ಸ್ಟೇರಿಂಗ್ ವೀಲನ್ನೂ ತೆಗೆಯಬೇಕಾಯಿತು. ಬಾಕ್ಸ್ ತೆರೆಯುವಾಗ ಕೆಳಗೆ ಅಗಲವಾದ ತಟ್ಟೆ ಇಡಿ, ಬೇರಿಂಗ್ ಗುಂಡುಗಳು ಉದುರಬಹುದು. ಮೇಲಿನ ಕವರ್ ಕೆಳಗಿನ ತೆಳು ಶಿಮ್‌ಗಳನ್ನು (ಅಂತರ ಸರಿಹೊಂದಿಸುವ ಹಾಳೆಗಳು) ಒಂದೂ ಕಳೆಯದೆ ಕಟ್ಟಿಡಿ.

ಒಳಗೆ ನೋಡಿದರೆ ಗಟ್ಟಿ ಗ್ರೀಸ್. ಸೋರುವ ಬಾಕ್ಸಿಗೆ ಯಾರೋ ಗನ್ ಹಿಡಿದು ತುಂಬಿಸಿದ್ದರು. ತುಂಬಾ ಜನ ಮಾಡುವ ಕೆಲಸ ಇದು, ಆದರೆ ತಪ್ಪು. ಕ್ಯಾಮ್ ತಿರುಗಿದಂತೆ ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ, ವಾಪಸ್ ಹರಿದು ಬರುವುದಿಲ್ಲ. ನಮ್ಮ ಬಾಕ್ಸಿನ ಮೇಲಿನ ಬೇರಿಂಗ್ ಪೂರ್ತಿ ಒಣಗಿತ್ತು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ.

ಲೇತ್ ಅಂಗಡಿಯವರು ಶಾಫ್ಟನ್ನು ಬುಷ್ ಒಳಗೆ ಅಲ್ಲಾಡಿಸಿ ನೋಡಿ, "ಸಾರ್, ಸೀಲ್ ಎಷ್ಟು ಹಾಕಿದ್ರೂ ಅಷ್ಟೇ, ಮೊದಲು ಇದನ್ನ ಮಾಡಿಸಿ" ಅಂದರು. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಕಡೆದು, ಪ್ರೆಸ್ಸಿನಲ್ಲಿ ಕೂರಿಸಿ, ಆಮೇಲೆ ಎರಡನ್ನೂ ಒಂದೇ ಸಾಲಿನಲ್ಲಿ ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಉಪಕರಣ) ಹೊಡೆದರು. ಈ ಕ್ರಮ ಮುಖ್ಯ. ಪ್ರೆಸ್ ಮಾಡಿದಾಗ ಬುಷ್ ಒಳಗೆ ಸ್ವಲ್ಪ ಕಿರಿದಾಗುತ್ತದೆ. ಮೊದಲೇ ಸರಿಯಾದ ಅಳತೆಗೆ ಕಡೆದಿಟ್ಟರೆ ಶಾಫ್ಟ್ ಒಳಗೇ ಹೋಗುವುದಿಲ್ಲ. ಕೊನೆಗೆ ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಸಡಿಲ ಉಳಿದರೆ ಸಾಕು.

ಇನ್ನು ಶಾಫ್ಟ್. ಹಳೇ ಸೀಲ್ ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವ ಗೆರೆ ಬಿದ್ದಿತ್ತು. ಗೆರೆ ಆಳವಾಗಿದ್ದರೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು. ನಮ್ಮದು ಅಷ್ಟಿರಲಿಲ್ಲ. ನಯವಾದ ಎಮರಿ ಪೇಪರ್ ಹಿಡಿದು, ಹೊಸ ಸೀಲಿನ ತುಟಿ ಗೆರೆಯ ಪಕ್ಕದಲ್ಲಿ ಬರುವ ಹಾಗೆ ಕೂರಿಸಿದೆ. ಶಾಫ್ಟ್ 7/8 ಇಂಚು, ಅಂದರೆ ಸುಮಾರು 22.2 ಮಿ.ಮೀ. ಅಂಗಡಿಯಲ್ಲಿ 22 ಮಿ.ಮೀ. ಸೀಲ್ ಕೊಟ್ಟು "ಆಗುತ್ತೆ" ಅನ್ನುತ್ತಾರೆ. ಬೇಡ, ಇಂಚಿನದ್ದೇ ಹುಡುಕಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ, ಅಳತೆ ನೋಡಲು ವರ್ನಿಯರ್ ಜೊತೆಗಿರಲಿ. ಸೀಲಿನಲ್ಲಿ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಬರಬೇಕು. ಶಾಫ್ಟಿನ ಹಲ್ಲುಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಸೀಲ್ ದಾಟಿಸಿ, ಇಲ್ಲದಿದ್ದರೆ ತುಟಿ ಅಲ್ಲೇ ಕುಯ್ದುಹೋಗುತ್ತದೆ.

ಸೈಡ್ ಪ್ಲೇಟಿನಿಂದಲೂ (ಬಾಕ್ಸಿನ ಪಕ್ಕದ ಮುಚ್ಚಳ) ಎಣ್ಣೆ ಬರುತ್ತದೆ. ವರ್ಷಗಟ್ಟಲೆ ಬೋಲ್ಟ್ ಬಿಗಿದು ಬಿಗಿದು ತೂತುಗಳ ಸುತ್ತ ಲೋಹ ಉಬ್ಬಿರುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಹಾಕಿ ಪ್ಲೇಟ್ ಉಜ್ಜಿದೆ, ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದೆ. ಆ ಪ್ಲೇಟಿನಲ್ಲಿರುವ, ಪ್ಲೇ ಸರಿಮಾಡುವ ಅಡ್ಜಸ್ಟಿಂಗ್ ಸ್ಕ್ರೂ ಮರೆಯಬೇಡಿ, ಅದರ ಥ್ರೆಡ್‌ನಲ್ಲೂ ಎಣ್ಣೆ ಏರಿ ಬರುತ್ತದೆ. ಲಾಕ್‌ನಟ್ ಕೆಳಗೆ ತಾಮ್ರದ ವಾಷರ್ ಹಾಕಿದ ಮೇಲೆ ನಿಂತಿತು.

ಎಣ್ಣೆ 90 ನಂಬರಿನ ಗೇರ್ ಆಯಿಲ್, ಜಿಎಲ್-4 ದರ್ಜೆಯದ್ದು. ಕೆಲವು ಜಿಎಲ್-5 ಎಣ್ಣೆಗಳಲ್ಲಿರುವ ಗಂಧಕ ಕಂಚನ್ನು ತಿನ್ನುತ್ತದೆ. ಹೊಸ ಬುಷ್ ಹಾಕಿ ಆ ಅಪಾಯ ಯಾಕೆ ಬೇಕು?

ಅಡ್ಜಸ್ಟ್ ಮಾಡುವಾಗ ಮೊದಲು ಶಿಮ್‌ನಿಂದ ಕ್ಯಾಮಿನ ಮೇಲೆ-ಕೆಳಗಿನ ಆಟ ತೆಗೆಯಿರಿ. ಆಮೇಲೆ ಸ್ಟೇರಿಂಗನ್ನು ಸರಿಯಾಗಿ ಮಧ್ಯಕ್ಕೆ ತಂದು ಸ್ಕ್ರೂ ಬಿಗಿ ಮಾಡಿ. ಕ್ಯಾಮಿನ ಗ್ರೂವ್ ಮಧ್ಯದಲ್ಲಿ ಬೇಕೆಂದೇ ಆಳ ಕಡಿಮೆ, ಅಲ್ಲಿ ಮಾತ್ರ ಕೈಗೆ ಸಣ್ಣ ಬಿಗಿ ಸಿಗಬೇಕು. ಪೂರ್ತಿ ತಿರುಗಿಸಿದಾಗ ಇರುವ ಪ್ಲೇ ತೆಗೆಯಲು ಹೋದರೆ ಮಧ್ಯದಲ್ಲಿ ಹಿಡಿದುಕೊಳ್ಳುತ್ತದೆ, ತಿರುವಿನಿಂದ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಘಾಟಿ ರಸ್ತೆಯಲ್ಲಿ ಅದು ತುಂಬಾ ಅಪಾಯ.

ಸ್ವಲ್ಪ ದಿನ ಓಡಿಸಿದ ಮೇಲೆ ಡ್ರಾಪ್ ಆರ್ಮ್ ನಟ್ ಮತ್ತು ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟ್‌ಗಳನ್ನು ಮತ್ತೆ ಬಿಗಿದೆ. ಒಂದು ಬೋಲ್ಟ್ ಸಡಿಲವಾಗಿತ್ತು, ಅದಕ್ಕೆ ಹೊಸ ಸ್ಪ್ರಿಂಗ್ ವಾಷರ್ ಹಾಕಿದೆ.