ಇಲಿಮರಿಗಳಿಗೆ ಕತ್ತಲೆ ಮಾಡಿಕೊಟ್ಟ ನನ್ನ ಅನುಭವ

ಹುಟ್ಟಿನಿಂದ ಬೆಳಕನ್ನೇ ಕಾಣದ ಇಲಿಮರಿಗಳನ್ನು ಬೆಳೆಸುವುದು ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಲೈಟ್ ಆರಿಸಿದರೆ ಆಯ್ತಲ್ವಾ ಅಂದುಕೊಂಡಿದ್ದೆ.

ಮೊದಲ ಸಲದ ಮರಿಗಳೆಲ್ಲ ವ್ಯರ್ಥವಾದವು. ಗಾಳಿ ಯಂತ್ರದ ಹಿಂಬದಿಯಲ್ಲಿ ಸಾಸಿವೆಯಷ್ಟು ಹಸಿರು ದೀಪವೊಂದಿತ್ತು. ಅದರ ಮಂಕು ಬೆಳಕು ಗೋಡೆಗೆ ಬಡಿದು ಹರಡುತ್ತಿತ್ತು. ಒಳಗೆ ಹೋದ ತಕ್ಷಣ ಕಾಣುತ್ತಿರಲಿಲ್ಲ, ಇಪ್ಪತ್ತು ನಿಮಿಷ ನಿಂತರೆ ಮಾತ್ರ ಕಾಣುತ್ತಿತ್ತು. ನಾನು ಅಷ್ಟು ಹೊತ್ತು ಯಾವತ್ತೂ ಸುಮ್ನೆ ನಿಂತಿರಲಿಲ್ಲ. ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳ ಮಿದುಳನ್ನು ಬದಲಿಸಲು 6 ಗಂಟೆಯ ಬೆಳಕು ಸಾಕು ಎಂದು 1983ರ ಪ್ರಯೋಗವೊಂದು ತೋರಿಸಿತ್ತು. ಇಲ್ಲಿ ವಾರಗಟ್ಟಲೆ ದೀಪ ಉರಿದಿತ್ತು. ಆ ಮರಿಗಳಿಂದ ಬರುವ ಫಲಿತಾಂಶವನ್ನು ನಂಬುವುದು ಹೇಗೆ?

ಆಮೇಲೆ ಎಲ್ಲ ದೀಪಗಳಿಗೂ ಕಪ್ಪು ಟೇಪ್ ಬಿತ್ತು. ಎರಡು ಬಾಗಿಲು, ನಡುವೆ ದಪ್ಪ ಕಪ್ಪು ಪರದೆ. ಫೋನು, ವಾಚು ಹೊರಗೆ. ಬಸುರಿ ಇಲಿಯನ್ನು ಹೆರಿಗೆಗೆ ಮೊದಲೇ ಒಳಗೆ ಬಿಡುತ್ತಿದ್ದೆ. ನೋಡಲು ಇನ್‌ಫ್ರಾರೆಡ್ ಕನ್ನಡಕವಿತ್ತು. ಅದರ ಪರದೆಯದ್ದೇ ಬೆಳಕು ಕೆನ್ನೆಯ ಪಕ್ಕದಿಂದ ಸೋರುತ್ತದೆ ಎಂದು ಗೊತ್ತಾದ ಮೇಲೆ ನೀರು, ಆಹಾರ ಇಡುವುದನ್ನೆಲ್ಲ ಕೈತಡವಿಯೇ ಕಲಿತೆ.

ಇಷ್ಟೆಲ್ಲ ಯಾಕೆ? 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿ ನೋಡಿದ್ದರು. ತೆರೆದಾಗ ಕಣ್ಣು ಚೆನ್ನಾಗೇ ಇತ್ತು. ಆದರೆ ವಿಷುವಲ್ ಕಾರ್ಟೆಕ್ಸ್‌ನ (ನೋಟವನ್ನು ನೋಡಿಕೊಳ್ಳುವ ಮಿದುಳಿನ ಭಾಗದ) ನರಕೋಶಗಳು ಹೆಚ್ಚುಕಡಿಮೆ ಇನ್ನೊಂದು ಕಣ್ಣಿನ ಮಾತನ್ನಷ್ಟೇ ಕೇಳುತ್ತಿದ್ದವು. ದೊಡ್ಡ ಬೆಕ್ಕಿನಲ್ಲಿ ಹೀಗಾಗಲಿಲ್ಲ. ಅಂದರೆ ಕಣ್ಣಿನ ಅನುಭವ ಮಿದುಳನ್ನು ಹೀಗೆ ಬದಲಿಸುವುದು ಎಳೆಯ ವಯಸ್ಸಿನ ಒಂದು ಸೂಕ್ಷ್ಮ ಕಾಲದಲ್ಲಿ. ಇಲಿಮರಿ ಕಣ್ಣು ಬಿಡುವುದು ಸುಮಾರು 14ನೇ ದಿನಕ್ಕೆ. ಈ ಸೂಕ್ಷ್ಮ ಕಾಲ ಜೋರಾಗಿರುವುದು 28ನೇ ದಿನದ ಆಸುಪಾಸು, ಐದು ವಾರದ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಬೆಳಕನ್ನೇ ಕಾಣದಿದ್ದರೆ ಅದು ಮುಂದಕ್ಕೆ ಹೋಗುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ.

ಎರಡನೇ ಸಲದ ಮರಿಗಳಿಗೆ ಒಂದೂವರೆ ತಿಂಗಳಾದಾಗ ಒಂದು ಕಣ್ಣು ಮುಚ್ಚಿ, 4 ದಿನ ಬೆಳಕಿನಲ್ಲಿಟ್ಟು, ನರಕೋಶಗಳ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡನ್ನು ಮಿದುಳಿಗೆ ಇಳಿಸಿದೆವು. ಅದೇ ವಯಸ್ಸಿನ ಮಾಮೂಲಿ ಇಲಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕತ್ತಲ ಮರಿಗಳಲ್ಲಿ ನರಕೋಶಗಳು ತೆರೆದ ಕಣ್ಣಿನ ಕಡೆ ವಾಲಿದ್ದವು. ಕತ್ತಲೆ ಆ ಸೂಕ್ಷ್ಮ ಕಾಲವನ್ನು ಮುಂದೂಡಿತ್ತು.

ಆದರೆ ಬೆಳಕಿಗೆ ತಂದ ಗಳಿಗೆಯಿಂದಲೇ ಗಡಿಯಾರ ಓಡತೊಡಗುತ್ತದೆ. ಹಾಗಾಗಿ ಪಂಜರ ಹೊರಗೆ ತರುವ ದಿನ ನಾನು ಬೇರೆ ಕೆಲಸವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.