ಇಂಗ್ಲೆಂಡಿಗೆ ಹೊರಟವರಿಗೆ ಏಳು ಸೀಟಿನ ಲೆಕ್ಕ

ಈ ಸಲ ಮಾರಿಕಾಂಬಾ ಜಾತ್ರೆಗೆಂದು ಶಿರಸಿಗೆ ಬಂದರೆ, ಬಿಡಕಿಬೈಲಿನ ಗದ್ದಲಕ್ಕಿಂತ ಜಾಸ್ತಿ ಗದ್ದಲ ನಮ್ಮ ಮನೆ ಜಗುಲಿಯಲ್ಲೇ ಇತ್ತು. ಅಕ್ಕನ ಮಗ ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಜೂನ್‌ನಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾನೆ. ಕಾರವಾರದ ಗೆಳೆಯನ ಮಗಳು ನರ್ಸ್, ಅವಳದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವೀಸಾ, ಮನೆ, ಶಾಲೆ ಎಲ್ಲ ಬಿಟ್ಟು ಇವನ ಮೊದಲ ಪ್ರಶ್ನೆ, "ಮಾವ, ಅಲ್ಲಿ ಏಳು ಸೀಟಿನ ಕಾರು ಯಾವುದು ತಗೊಳ್ಳೋದು? ಅಗ್ಗದ್ದು ಸಾಕಾ?" ನಾನು ಹನ್ನೊಂದು ವರ್ಷದಿಂದ ಅಲ್ಲಿದ್ದೇನೆ, ಅಂಥ ಎರಡು ಕಾರು ಓಡಿಸಿದ್ದೇನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ.

ಅಲ್ಲಿಗೆ ಹೋದ ಮೊದಲ ತಿಂಗಳೇ ಕಾರು ಕೊಳ್ಳಬೇಡಿ. ನಮ್ಮ ಲೈಸೆನ್ಸ್‌ನಲ್ಲಿ ಅಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಲೇಬೇಕು, ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಆಟೊಮ್ಯಾಟಿಕ್‌ಗೆ ಮಾತ್ರ ಲೈಸೆನ್ಸ್. ಇಲ್ಲಿ ಹತ್ತು ವರ್ಷ ಕ್ಲೇಮ್ ಮಾಡದೆ ಓಡಿಸಿದ್ದನ್ನು ಅಲ್ಲಿನ ಹೆಚ್ಚಿನ ವಿಮಾ ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಕಾರು ನೋಡಿದ ಕೂಡಲೇ ಅದರ ನಂಬರ್ ಹಾಕಿ ವಿಮೆ ಎಷ್ಟಾಗುತ್ತದೆ ಅಂತ ಕೇಳಿ. ಕಾರಿನ ಆಸೆ ಅರ್ಧ ಅಲ್ಲೇ ಇಳಿಯುತ್ತದೆ.

ಈಗ ಅಗ್ಗದ್ದೋ ದುಬಾರಿಯೋ ಅನ್ನುವ ಮಾತು. ಬೆಲೆಗಿಂತ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೂರನೇ ಸಾಲಿನಲ್ಲಿ ಕೂರುವವರು ಯಾರು, ವರ್ಷಕ್ಕೆ ಎಷ್ಟು ದಿನ?

ಜಾತ್ರೆ ಮುಗಿದ ಮೇಲೆ ಬಾಡಿಗೆ ಕಾರಿನಲ್ಲಿ ಏಳು ಜನ ಗೋಕರ್ಣಕ್ಕೆ ಹೋದೆವು. ಮಕ್ಕಳಿಗೆ ಕಿಟಕಿ ಬೇಕು ಅಂತ ಆಯಿಯನ್ನು, ಅಂದರೆ ನನ್ನ ಅಮ್ಮನನ್ನು, ಹಿಂದಿನ ಸಾಲಿಗೆ ಹತ್ತಿಸಿದೆವು. ದೇವಿಮನೆ ಘಟ್ಟದ ತಿರುವುಗಳು ನಿಮಗೆ ಗೊತ್ತಲ್ವಾ? ಕತಗಾಲ ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಿಸಿದೆವು. ಇಳಿದವಳೇ, "ತಮಾ, ಯನ್ನ ಇನ್ನು ಹಿಂದೆ ಕೂರ್ಸಡ" ಅಂದಳು. ಏಳು ಸೀಟು ಇದೆ ಅಂದ ಮಾತ್ರಕ್ಕೆ ಏಳು ದೊಡ್ಡವರು ಕೂರಬಹುದು ಅಂತಲ್ಲ. ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬಂದರೆ ಒಂದು ಸಲಕ್ಕೆ ಆರು ತಿಂಗಳವರೆಗೂ ಇರಬಹುದು. ಆರು ತಿಂಗಳು ಅವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂರಬೇಕಾ? ಹಿಂದೆ ಮಕ್ಕಳು, ಮಧ್ಯದಲ್ಲಿ ಹಿರಿಯರು ಅಂತ ನೀವು ಅಂದುಕೊಳ್ಳುತ್ತೀರಿ. ಅಲ್ಲೇ ಇದೆ ತೊಡಕು.

ಅಲ್ಲಿ ಮಕ್ಕಳು 12 ವರ್ಷ ತುಂಬುವವರೆಗೆ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ, ಯಾವುದು ಮೊದಲೋ ಅದರವರೆಗೆ, ಚೈಲ್ಡ್ ಸೀಟಿನಲ್ಲೇ ಕೂರಬೇಕು. ಆ ಸೀಟನ್ನು ಗಟ್ಟಿಯಾಗಿ ಸಿಕ್ಕಿಸುವ ಕೊಂಡಿಗೆ ಐಸೋಫಿಕ್ಸ್ ಅನ್ನುತ್ತಾರೆ. ಅಗ್ಗದ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಮಧ್ಯದ ಸಾಲಿನ ಎರಡು ಬದಿಗೆ ಮಾತ್ರ. ಅಂದರೆ ಮಕ್ಕಳು ಮಧ್ಯದಲ್ಲಿ, ಅಜ್ಜ-ಅಜ್ಜಿ ಮತ್ತೆ ಹಿಂದೆ! ಸೀಟು ಕಟ್ಟಿಟ್ಟ ಮಧ್ಯದ ಸಾಲನ್ನು ಮಡಚಿ ಹಿಂದಕ್ಕೆ ಹೋಗಲೂ ಆಗುವುದಿಲ್ಲ.

ಇನ್ನು ಡಿಕ್ಕಿ. ನನ್ನ ಮೊದಲ ಏಳು ಸೀಟಿನ ಕಾರು ಅಗ್ಗದ್ದೇ, ಹೆಸರು ಬೇಡ. ಅಪ್ಪ-ಆಯಿ ಬಂದ ದಿನ ಇಡೀ ಮನೆಮಂದಿ ಹೀಥ್ರೂಗೆ ಹೊರಟೆವು. ಬಂದದ್ದು 23 ಕೆ.ಜಿ.ಯ ನಾಲ್ಕು ಸೂಟ್‌ಕೇಸು, ಜೊತೆಗೆ ಹಲಸಿನ ಹಪ್ಪಳದ ಕಟ್ಟು, ಅಪ್ಪೆಮಿಡಿ ಉಪ್ಪಿನಕಾಯಿ. ಏಳೂ ಸೀಟು ಎತ್ತಿ ನಿಲ್ಲಿಸಿದ ಮೇಲೆ ಹಿಂದೆ ಉಳಿದದ್ದು ಒಂದು ಸೂಟ್‌ಕೇಸಿನ ಜಾಗ. ಹೆಂಡತಿ, ಮಗ ಬಸ್ಸಿನಲ್ಲಿ ಬಂದರು. ಉಪ್ಪಿನಕಾಯಿ ಡಬ್ಬ ಅಪ್ಪನ ತೊಡೆಯ ಮೇಲೆ ಬಂತು.

ಹಾಗಂತ ಅಗ್ಗದ್ದು ಕೆಟ್ಟದ್ದು ಅಂತ ಅಲ್ಲ. ಡಾಚಿಯಾ ಜಾಗರ್ ನೋಡಿ. 2023ರಲ್ಲಿ ಬ್ರಿಟನ್ನಿಗೆ ಬಂದಾಗ 20,000 ಪೌಂಡ್ ಒಳಗೇ ಹೊಸ ಏಳು ಸೀಟಿನ ಕಾರು ಸಿಗುತ್ತಿತ್ತು. ಹಿಂದಿನ ಎರಡು ಸೀಟು ಹಗುರ, ಒಂದೊಂದಾಗಿ ಎತ್ತಿ ಮನೆಯಲ್ಲಿಟ್ಟು ಹೋಗಬಹುದು. ಏಳೂ ಸೀಟು ಇದ್ದಾಗ ಡಿಕ್ಕಿ 160 ಲೀಟರ್ ಅಷ್ಟೇ. ನಮ್ಮ ಎರ್ಟಿಗಾದ್ದೇ 209. 2021ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆ ಜಾಗರ್‌ಗೆ ಕೊಟ್ಟದ್ದು ಒಂದೇ ಸ್ಟಾರ್. ಲೇನ್ ತಪ್ಪದಂತೆ ನೋಡುವ ವ್ಯವಸ್ಥೆ ಇರಲಿಲ್ಲ, ಮೂರನೇ ಸಾಲಿಗೆ ಬೆಲ್ಟ್ ನೆನಪಿಸುವ ಸದ್ದೂ ಇರಲಿಲ್ಲ. ಮೂರನೇ ಸಾಲು ವರ್ಷಕ್ಕೆ ಹತ್ತು ದಿನ ಮಾತ್ರ ಬೇಕಾದ, ಊರೊಳಗೇ ಓಡಾಡುವ ಮನೆಗೆ ಇದರಲ್ಲಿ ದುಡ್ಡು ಉಳಿಯುತ್ತದೆ, ನಿಜ. ಮೋಟಾರ್‌ವೇಯಲ್ಲಿ ಮಕ್ಕಳನ್ನು ಹಿಂದೆ ಕೂರಿಸಿ ದಿನಾ ಓಡಿಸುವವರಿಗೆ ನಾನು ಹೇಳುವುದಿಲ್ಲ.

ದುಬಾರಿಯದರಲ್ಲಿ ನೀವು ಕೊಡುವ ದುಡ್ಡು ಲೆದರ್ ಸೀಟಿಗೆ ಅಂತ ತಿಳಿಯಬೇಡಿ. ಫೋಕ್ಸ್‌ವ್ಯಾಗನ್ ಟೂರಾನ್‌ನಲ್ಲಿ ಮಧ್ಯದ ಮೂರೂ ಸೀಟಿಗೆ ಐಸೋಫಿಕ್ಸ್ ಇದೆ. ಅದೇ ಕಂಪನಿಯ ಶರಾನ್, ಅದರ ಅವಳಿಯಂತಿರುವ ಸಿಯಾಟ್ ಅಲ್‌ಹಾಂಬ್ರಾಕ್ಕೆ 2010ರ ನಂತರ ಸರಿಸುವ ಬಾಗಿಲು. ಅಲ್ಲಿ ಪಾರ್ಕಿಂಗ್ ಜಾಗ ಹೆಚ್ಚಾಗಿ 2.4 ಮೀಟರ್ ಅಗಲ. ಮಗ ಬಾಗಿಲು ದಢಾರಂತ ತೆಗೆದು ಪಕ್ಕದ ಕಾರಿಗೆ ಬಡಿದ ಮೇಲೆ ಸರಿಸುವ ಬಾಗಿಲಿನ ಬೆಲೆ ನನಗೆ ಗೊತ್ತಾಯಿತು.

ಇವನ್ನೆಲ್ಲ ಹೊಸದಾಗಿ ಕೊಳ್ಳುವ ಮಾತೇ ಬೇಡ. ಫೋರ್ಡ್ 2023ರ ಏಪ್ರಿಲ್‌ನಲ್ಲೇ ತನ್ನ ಏಳು ಸೀಟಿನ ಗ್ಯಾಲಕ್ಸಿ ತಯಾರಿಕೆ ನಿಲ್ಲಿಸಿತು, ಶರಾನ್ ಕೂಡ ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಹೊಸ ಅಗ್ಗದ್ದರ ಬೆಲೆಗೇ ಐದಾರು ವರ್ಷದ ಒಳ್ಳೆ ಕಾರು ಸಿಗುತ್ತದೆ. ನನ್ನ ಎರಡನೆಯದು ಅಂಥದ್ದೇ. ಆದರೆ ಇವುಗಳಲ್ಲಿ ಸುಮಾರು ಕಾರು ಮೊದಲು ಟ್ಯಾಕ್ಸಿಯಾಗಿ ದುಡಿದಿರುತ್ತವೆ. ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಅನ್ನುವ ಫಿಟ್‌ನೆಸ್ ತಪಾಸಣೆ ಕಡ್ಡಾಯ. ಸರ್ಕಾರದ ಜಾಲತಾಣದಲ್ಲಿ ನಂಬರ್ ಹಾಕಿದರೆ ಯಾವ ವರ್ಷ ಎಷ್ಟು ಮೈಲಿ ಓಡಿದೆ, ಏನು ಹಾಳಾಗಿತ್ತು ಅಂತ ಪುಕ್ಕಟೆಯಾಗಿ ಸಿಗುತ್ತದೆ. ವರ್ಷಕ್ಕೆ 40,000 ಮೈಲಿ ಓಡಿದ್ದು ಕಂಡರೆ ನಮಸ್ಕಾರ ಹೇಳಿ ಬನ್ನಿ. ಲಂಡನ್ನಿನಲ್ಲಿ ಇರುವವರು ಯುರೋ 6 ಹೊಗೆ ಮಾನದಂಡಕ್ಕಿಂತ ಹಳೆಯ ಡೀಸೆಲ್ ಮುಟ್ಟಬೇಡಿ, ರಸ್ತೆಗಿಳಿಸಿದ ದಿನಕ್ಕೆಲ್ಲ 12.50 ಪೌಂಡ್ ಶುಲ್ಕ.

ಇನ್ನೊಂದು ಗುಟ್ಟಿನ ಖರ್ಚು. ಹೊಸದಿದ್ದಾಗ ಪಟ್ಟಿ ಬೆಲೆ 40,000 ಪೌಂಡ್ ದಾಟಿದ್ದ ಪೆಟ್ರೋಲ್, ಡೀಸೆಲ್ ಕಾರಿಗೆ ಎರಡನೇ ವರ್ಷದಿಂದ ಐದು ವರ್ಷ ಹೆಚ್ಚುವರಿ ರಸ್ತೆ ತೆರಿಗೆ ಇದೆ. 2025ರ ಏಪ್ರಿಲ್‌ನಲ್ಲಿ ಮಾಮೂಲಿ 195 ಪೌಂಡ್ ಮೇಲೆ ಅದೊಂದೇ 425. ನೀವು ಅರ್ಧ ಬೆಲೆಗೆ ತಗೊಂಡರೂ ಬಿಡುವುದಿಲ್ಲ, ಹಳೆಯ ಪಟ್ಟಿ ಬೆಲೆಯೇ ಲೆಕ್ಕ.

ಇಷ್ಟೆಲ್ಲ ಕೇಳಿ ಅಕ್ಕನ ಮಗ ಒಳಗೆ ಹೋಗಿ ಹೊಲಿಗೆಯ ಟೇಪು ತಂದ. ದೊಡ್ಡ ಮಗಳನ್ನು ಜಗುಲಿಯ ಕಂಬಕ್ಕೆ ಒರಗಿಸಿ ಅಳೆದ. 128 ಸೆಂ.ಮೀ. "ಇನ್ನೂ ಏಳು ಬೇಕಲ್ಲ ಮಾವ" ಅಂದ. ಆಯಿ ಅಲ್ಲೇ ಕವಳ ಹಾಕುತ್ತ ಕೂತಿದ್ದಳು. ಆ ಹುಡುಗಿ ಬೆಳೆಯುವವರೆಗೆ ತಾನು ಆ ಕಡೆ ಬರುವುದೇ ಇಲ್ಲ ಅಂದಳು.