ಆಫೀಸಿಗೆ ನೆಟ್‌ವರ್ಕ್ ಕೇಬಲ್: ಗೋಡೆ ಮುಚ್ಚುವ ಮೊದಲೇ ಲೆಕ್ಕ ಹಾಕಿ

ಹುಬ್ಬಳ್ಳಿಯ ಒಂದು ಆಫೀಸು. ಮೂಲೆ ಟೇಬಲ್ಲಿನ ಕಂಪ್ಯೂಟರ್ ಮಾತ್ರ ಯಾವಾಗಲೂ ನಿಧಾನ. ಕಂಪ್ಯೂಟರನ್ನೇ ಬದಲಿಸಿದರು, ದುಬಾರಿ ಇಂಟರ್ನೆಟ್ ಪ್ಲಾನ್ ತಗೊಂಡರು. ಏನೂ ಆಗಲಿಲ್ಲ. ನಾನು ಹೋಗಿ ಫಾಲ್ಸ್ ಸೀಲಿಂಗ್ ಹಲಗೆ ಎತ್ತಿ ನೋಡಿದೆ. ಕೇಬಲ್ ಸಾಲದೆ ಬಂದು, ನಡುವೆ ಇನ್ನೊಂದು ತುಂಡು ಸೇರಿಸಿ ಕಪ್ಪು ಟೇಪ್ ಸುತ್ತಿದ್ದರು. ಒಳಗೆ ಕಂದು ಬಣ್ಣದ ಎಳೆ ಬಿಟ್ಟುಕೊಂಡಿತ್ತು. 1 ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ಎಳೆ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಹಾಗಾಗಿ ಲೈಟು ಮಿನುಗುತ್ತಿತ್ತು, ನೆಟ್ ಬರುತ್ತಿತ್ತು. ವೇಗ ಮಾತ್ರ ಹತ್ತರಲ್ಲಿ ಒಂದು ಪಾಲು.

ನೆಟ್ ಹಂಚುವ ಸ್ವಿಚ್, ರೂಟರ್ ಡಬ್ಬಗಳು ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಗೋಡೆಯೊಳಗೆ ಹೋದ ಕೇಬಲ್ ಹಾಗಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ದುಡ್ಡು ಕಡಿಮೆ ಇದ್ದರೆ ಡಬ್ಬಗಳಲ್ಲಿ ಉಳಿಸಿ, ಕೇಬಲ್ಲಿನಲ್ಲಿ ಬೇಡ.

ಮೊದಲು ಪಾಯಿಂಟ್ ಎಣಿಸಿ

ಇವತ್ತು 12 ಜನ ಇದ್ದೀರಿ ಅಂದುಕೊಳ್ಳಿ. ಜಾಗದಲ್ಲಿ ಒಟ್ಟು 20 ಟೇಬಲ್ ಹಿಡಿಸುತ್ತವೆ ಅಂದರೆ 20ಕ್ಕೇ ಲೆಕ್ಕ ಹಾಕಿ. ಟೇಬಲ್ಲಿಗೆ ಎರಡು ಪಾಯಿಂಟ್ (ಕೇಬಲ್ ಚುಚ್ಚುವ ಜಾಗ), ಅಲ್ಲಿಗೆ 40 ಆಯಿತು. ‘ಎಲ್ಲ ವೈಫೈ ಇದೆಯಲ್ಲ, ಕೇಬಲ್ ಯಾಕೆ?’ ಅಂತ ತುಂಬ ಜನ ಕೇಳುತ್ತಾರೆ. ಆ ವೈಫೈ ಡಬ್ಬಕ್ಕೂ ಕೇಬಲ್ ಬೇಕು ಅಲ್ವಾ? ಅದಕ್ಕೆ 3, ಕ್ಯಾಮೆರಾಗಳಿಗೆ 6, ಪ್ರಿಂಟರ್‌ಗಳಿಗೆ 2, ಮೀಟಿಂಗ್ ರೂಮಿಗೆ 2, ಬಾಗಿಲ ಬಳಿಯ ಹಾಜರಾತಿ ಮೆಷಿನ್‌ಗೆ 1. ಒಟ್ಟು 54.

ಈಗ ಉದ್ದ. ನೆಲದ ಮೇಲೆ ಟೇಪ್ ಹಿಡಿದು ಅಳೆದರೆ ಸಾಲದು. ಕೇಬಲ್ ರ‍್ಯಾಕಿನಿಂದ (ಸ್ವಿಚ್‌ಗಳನ್ನು ಇಡುವ ಕಪಾಟು) ಸೀಲಿಂಗಿಗೆ ಹತ್ತುತ್ತದೆ, ಗೋಡೆ ಗುಂಟ ತಿರುಗುತ್ತದೆ, ಮತ್ತೆ ಟೇಬಲ್ಲಿಗೆ ಇಳಿಯುತ್ತದೆ. ಹೀಗೆ ಅಳೆದಾಗ ಹತ್ತಿರದ ಪಾಯಿಂಟ್ 10 ಮೀಟರ್, ದೂರದ್ದು 40 ಮೀಟರ್ ಬಂತು ಅನ್ನಿ. ಸರಾಸರಿ 25. ಎರಡೂ ತುದಿಯಲ್ಲಿ ಬಿಡುವುದಕ್ಕೆ ಇನ್ನೊಂದು 3 ಮೀಟರ್ ಸೇರಿಸಿದರೆ 28. ಒಂದು ಬಾಕ್ಸಿನಲ್ಲಿ 305 ಮೀಟರ್ ಕೇಬಲ್ ಇರುತ್ತದೆ. ಅಂದರೆ ಬಾಕ್ಸಿಗೆ 10 ಪಾಯಿಂಟ್, ಕೊನೆಯ ತುಂಡು ಉಳಿಯುತ್ತದೆ. 54 ಪಾಯಿಂಟಿಗೆ 6 ಬಾಕ್ಸ್ ಬೇಕು. ಒಟ್ಟು ಮೀಟರ್ ಭಾಗಿಸಿ ‘5 ಬಾಕ್ಸ್ ಸಾಕು’ ಅಂದವರೇ ಕೊನೆಗೆ ಟೇಪ್ ಸುತ್ತುವುದು.

ರ‍್ಯಾಕಿನಿಂದ ಟೇಬಲ್ಲಿನ ಪಾಯಿಂಟ್‌ವರೆಗೆ 90 ಮೀಟರ್ ದಾಟಬಾರದು. ಎರಡೂ ಕಡೆ ಚುಚ್ಚುವ ಗಿಡ್ಡ ಕೇಬಲ್ (ಪ್ಯಾಚ್ ಕಾರ್ಡ್) ಸೇರಿ 100 ಮೀಟರ್ ಮಿತಿ. ಬೇರೆ ಕಟ್ಟಡಕ್ಕೆ ಹೋಗಬೇಕಾದರೆ ದೂರ ಕಡಿಮೆ ಇದ್ದರೂ ಫೈಬರ್ (ಗಾಜಿನ ಎಳೆಯ ಕೇಬಲ್) ಹಾಕಿಸಿ. ತಾಮ್ರದ ಕೇಬಲ್ ಸಿಡಿಲಿನ ಹೊಡೆತವನ್ನು ಒಳಗೆ ತರುತ್ತದೆ.

ಯಾವ ಕೇಬಲ್?

ಹೊಸ ಆಫೀಸಿಗೆ ಕ್ಯಾಟ್ 6 ದರ್ಜೆಯ ಕೇಬಲ್ಲಿಗಿಂತ ಕಡಿಮೆಯದು ಬೇಡ. 100 ಮೀಟರ್‌ವರೆಗೆ 1 ಗಿಗಾಬಿಟ್ ಆರಾಮಾಗಿ ಕೊಡುತ್ತದೆ. 10 ಗಿಗಾಬಿಟ್ ಆದರೆ ಸುಮಾರು 55 ಮೀಟರ್‌ವರೆಗೆ ಮಾತ್ರ. ಪೂರ್ತಿ 100 ಮೀಟರಿಗೂ 10 ಗಿಗಾಬಿಟ್ ಬೇಕಿದ್ದರೆ ಕ್ಯಾಟ್ 6ಎ. ಅದು ದಪ್ಪ, ಪೈಪೂ ದೊಡ್ಡದು ಬೇಕು.

ಇದಕ್ಕಿಂತ ಮುಖ್ಯ, ಒಳಗಿನ ಲೋಹ. ಅಗ್ಗದ ಬಾಕ್ಸುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಕೆಂಪು ಕೆಳಗೆ ಬೆಳ್ಳಿಯಂತೆ ಬಿಳಿ ಕಂಡರೆ ಬಾಕ್ಸ್ ವಾಪಸ್ ಕೊಟ್ಟುಬಿಡಿ. ಕ್ಯಾಮೆರಾ, ವೈಫೈ ಡಬ್ಬಗಳಿಗೆ ಇದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ. ಸ್ವಿಚ್‌ನ ಒಂದೊಂದು ಪೋರ್ಟಿನಿಂದ 15, 30 ವಾಟ್, ಕೆಲವಕ್ಕೆ ಇನ್ನೂ ಜಾಸ್ತಿ. ಅಲ್ಯೂಮಿನಿಯಂ ಬೇಗ ಬಿಸಿಯಾಗುತ್ತದೆ, ತುದಿಯಲ್ಲಿ ಮುರಿಯುತ್ತದೆ.

ಎಳೆಯುವಾಗ ಪಕ್ಕದಲ್ಲಿ ನಿಲ್ಲಿ

ಕರೆಂಟ್ ವೈರ್ ಇರುವ ಪೈಪಿನಲ್ಲೇ ಡೇಟಾ ಕೇಬಲ್ ತೂರಿಸಲು ಬಿಡಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಉದ್ದಕ್ಕೂ ಜೊತೆಗೆ ಹೋಗುವುದು ಬೇಡ. ಪೈಪನ್ನು ಅರ್ಧಕ್ಕಿಂತ ಕಡಿಮೆಯೇ ತುಂಬಿಸಿ. ನಾಳೆ ಇನ್ನೆರಡು ಕೇಬಲ್ ಹೋಗಬೇಕು. ಈಗಲೇ ಒಳಗೆ ಒಂದು ನೈಲಾನ್ ದಾರ ಬಿಟ್ಟಿದ್ದರೆ ಆಗ ಕೆಲಸ ಸುಲಭ. ಸಿಕ್ಕಿಕೊಂಡರೆ ಜಗ್ಗಬಾರದು, ಒಳಗಿನ ಜೋಡಿ ಎಳೆಗಳ ತಿರುಚು ಸಡಿಲವಾಗುತ್ತದೆ. ಪ್ಲಾಸ್ಟಿಕ್ ಟೈ ಬಿಗಿದು ಕಟ್ಟುವ ಬದಲು ವೆಲ್ಕ್ರೋ ಪಟ್ಟಿ ಹಾಕಿಸಿ. ಇಲಿ ಕಾಟ ಇರುವ ಹಳೇ ಕಟ್ಟಡವಾದರೆ ಸೀಲಿಂಗ್ ಮೇಲೂ ಪೈಪ್ ಬೇಕೇ ಬೇಕು.

ತುದಿ ಕೂರಿಸುವುದೇ ಸೂಕ್ಷ್ಮ ಕೆಲಸ. ಎಳೆಗಳ ತಿರುಚನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ನಮ್ಮಲ್ಲಿ ಹೆಚ್ಚಿನವರು ಬಳಸುವ ಎಳೆ ಬಣ್ಣಗಳ ‘ಬಿ’ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ‘ಎ’ ಕ್ರಮವೂ ತಪ್ಪಲ್ಲ. ಇಡೀ ಆಫೀಸಿಗೆ ಒಂದೇ ಇರಲಿ.

ರ‍್ಯಾಕ್

ಗಾಳಿಯಾಡುವ, ಬೀಗ ಹಾಕುವ ಜಾಗ ಬೇಕು. ಎಸಿ ನೀರು ತೊಟ್ಟಿಕ್ಕುವ ಕಡೆ ಬೇಡ, ಪ್ಯಾಂಟ್ರಿ ಗೋಡೆಯೂ ಬೇಡ. 54 ಪಾಯಿಂಟಿಗೆ 24 ಪೋರ್ಟಿನ ಮೂರು ಪ್ಯಾಚ್ ಪ್ಯಾನೆಲ್ (ಗೋಡೆಯ ಕೇಬಲ್ಲುಗಳು ಬಂದು ಕೂರುವ ಪಟ್ಟಿ) ಸಾಕು, 18 ಖಾಲಿ ಉಳಿಯುತ್ತವೆ. ಕೇಬಲ್ಲಿಗೆ ನೇರ ಪ್ಲಗ್ ಒತ್ತಿ ಸ್ವಿಚ್ಚಿಗೆ ಚುಚ್ಚಬೇಡಿ. ಸುಮ್ನೆ ಒಮ್ಮೆ ಕೈ ತಾಗಿದರೂ ಗೋಡೆಯ ಕೇಬಲ್ ಅಲುಗುತ್ತದೆ. ಅರ್ಥಿಂಗ್ ಮತ್ತು ಯುಪಿಎಸ್ ಮರೆಯಬೇಡಿ.

ಕೊನೆಯ ಕಂತು ಕೊಡುವ ಮೊದಲು

ಎಂಟು ಲೈಟ್ ಮಿನುಗುವ ಸಣ್ಣ ಟೆಸ್ಟರ್ ಎಳೆ ಸೇರಿದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಆ ಕೇಬಲ್ ಪೂರ್ತಿ ವೇಗ ತಡೆದುಕೊಳ್ಳುತ್ತದೆಯೇ ಅನ್ನುವುದನ್ನು ಅಳೆಯುವ ಯಂತ್ರ ಬೇರೆ ಇದೆ. ಅದು ಬಾಡಿಗೆಗೂ ಸಿಗುತ್ತದೆ. 54 ಪಾಯಿಂಟಿಗೂ ಅದರ ವರದಿ ಬೇಕು ಅಂತ ಕೆಲಸ ಒಪ್ಪಿಸುವಾಗಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ. ಪೆನ್ನಿನಲ್ಲಿ ಬರೆದರೆ ವರ್ಷದಲ್ಲಿ ಅಳಿಸಿಹೋಗುತ್ತದೆ, ಮುದ್ರಿಸಿದ ಲೇಬಲ್ ಇರಲಿ. ಯಾವ ನಂಬರ್ ಯಾವ ಟೇಬಲ್ಲಿಗೆ ಅಂತ ಒಂದು ನಕ್ಷೆ ಬರೆಸಿ, ರ‍್ಯಾಕಿನ ಬಾಗಿಲ ಒಳಮೈಗೆ ಅಂಟಿಸಿ. ಸೀಲಿಂಗ್ ಮುಚ್ಚುವ ಮೊದಲು ಕೇಬಲ್ ಹೋದ ದಾರಿಯ ಫೋಟೊಗಳನ್ನೂ ಮೊಬೈಲಿನಲ್ಲಿ ತೆಗೆದಿಡಿ.